ಸಡಿಲ ಕಾಲರು

ಅಂಗಿ ಹೊಲಿಯುವುದರಲ್ಲಿ ನನ್ನ ಸೋದರತ್ತೆ ಎತ್ತಿದ ಕೈ. ಆದರೆ ಮಾವ ತೀರಿಕೊಂಡ ಮೇಲೆ ಅವಳು ಹೊಲಿದ ಕಾಲರುಗಳೆಲ್ಲ ಸಡಿಲವಾಗತೊಡಗಿದವು. ಕತ್ತಿನ ಅಳತೆ ತೆಗೆಯುವಾಗ ಟೇಪಿನೊಳಗೆ ಎರಡು ಬೆರಳು ಬಿಡುವುದು ದರ್ಜಿಗಳ ರೂಢಿ. ಇವಳು ಇಡೀ ಅಂಗೈಯನ್ನೇ ತೂರಿಸುತ್ತಿದ್ದಳು.

"ಇದ್ರಲ್ಲಿ ನಾನೂ ನನ್ನ ತಮ್ಮನೂ ಒಟ್ಟಿಗೆ ಕತ್ತು ತೂರಿಸ್ಬಹುದು ಕಣಮ್ಮ" ಎಂದು ಒಬ್ಬ ಗಿರಾಕಿ ನಕ್ಕ. ಅತ್ತೆ ನಗಲಿಲ್ಲ. "ಬಿಗಿ ಬೇಕಾದ್ರೆ ಬೇರೆ ಕಡೆ ಹೋಗಪ್ಪ" ಎಂದು ಬಟ್ಟೆ ವಾಪಸ್ ಕೊಟ್ಟಳು. ಕೊರೆಯುವ ಚಳಿಯಲ್ಲೂ ಅವಳ ಮನೆಯ ಒಂದು ಬಾಗಿಲೂ ಮುಚ್ಚುವಂತಿರಲಿಲ್ಲ. ನಾನು ಹೋದಾಗಲೆಲ್ಲ ಕಂಬಳಿ ಹೊದ್ದು ಗೊಣಗುತ್ತಿದ್ದೆ.

ಜನ ಇದನ್ನು ದುಃಖ ಎಂದುಕೊಂಡರು. ಭಯ ಎಂದು ಗೊತ್ತಿದ್ದದ್ದು ನನಗೊಬ್ಬಳಿಗೆ. ಮಾವನ ಹೆಣಕ್ಕೆ ಹೊಸ ಅಂಗಿ ತೊಡಿಸಿ, ಕತ್ತಿನ ಗುಂಡಿ ಹಾಕಿದವಳು ಅವಳೇ. ಹಾಕಿದ ಕ್ಷಣ ಅವರ ಗಂಟಲಲ್ಲಿ ಏನೋ ಸದ್ದಾಯಿತಂತೆ. ಡಾಕ್ಟರು ಆಗಲೇ ನೋಡಿ ಹೋಗಿದ್ದರು, ಹೊರಗೆ ಜನ ಕಾಯುತ್ತಿದ್ದರು. ಅತ್ತೆ ಆಗ ಯಾರಿಗೂ ಹೇಳಲಿಲ್ಲ; ನನ್ನ ಹತ್ತಿರ ಬಾಯಿ ಬಿಟ್ಟದ್ದೂ ಎಷ್ಟೋ ದಿನದ ಮೇಲೆ. ಅಂದಿನಿಂದ ಅವಳಿಗೆ ಒಂದೇ ಕೊರಗು: ಅವರಿಗೆ ಆಗ ಜೀವ ಇತ್ತೇ?

ನಾನು ಜರ್ಮನ್ ಕಲಿಸುವವಳು. ಪದಗಳ ಮೇಲೆ ಸ್ವಲ್ಪ ಅತಿಯಾದ ನಂಬಿಕೆ. ಒಂದು ಮಧ್ಯಾಹ್ನ ಅವಳ ಮೆಷಿನ್ ಪಕ್ಕ ಕೂತು ಪಾಠ ಸಿದ್ಧಮಾಡುತ್ತಿದ್ದಾಗ 'ಆಂಗ್ಸ್ಟ್' ಎಂಬ ಪದ ಎದುರಾಯಿತು. ಜರ್ಮನರಿಗೆ ಅದು ಭಯ. ಇಂಗ್ಲಿಷಿಗೆ ಹೋಗಿ ಕಾರಣ ಹೇಳಲಾಗದ ತಳಮಳವಾಯಿತು.

"ಅತ್ತೆ, ಈ ಪದದ ಬೇರು ಹುಡುಕ್ಕೊಂಡು ಹೋದ್ರೆ ಇಕ್ಕಟ್ಟು ಅಂತ ಸಿಗತ್ತೆ. ಹಳೇ ಕಾಲದವ್ರಿಗೂ ಭಯ ಅಂದ್ರೆ ಬಿಗಿಯೋದೇ. ನಿನಗೊಬ್ಬಳಿಗೇ ಹೀಗಲ್ಲ."

ಅವಳ ಕಾಲು ಪೆಡಲಿನ ಮೇಲೆ ನಿಂತಿತು. "ಹಾಗಾದ್ರೆ ಆ ಹಳಬರಿಗೂ ಗೊತ್ತಿತ್ತು" ಎಂದಳು. ಮುಖದಲ್ಲಿ ನೆಮ್ಮದಿ ಕಂಡಂತಾಗಿ ನನಗೆ ಹುರುಪು ಬಂತು. ಎಷ್ಟೋ ದಿನದಿಂದ ನಾಲಿಗೆ ತುದಿಯಲ್ಲಿದ್ದದ್ದನ್ನೂ ಹೇಳಿಬಿಟ್ಟೆ.

"ಜೀವ ಹೋದ್ಮೇಲೂ ಎದೆಯಲ್ಲಿ ಉಳಿದ ಗಾಳಿ ಹೊರಗೆ ಬರತ್ತಂತೆ. ಮೈ ಅಲುಗಿಸಿದ್ರೆ ಸದ್ದೂ ಆಗತ್ತಂತೆ. ಡಾಕ್ಟರನ್ನೇ ಕೇಳಿದೀನಿ. ನೀನು ಕೇಳಿಸ್ಕೊಂಡಿದ್ದು ಅದೇ ಅತ್ತೆ."

ಅವಳು ನನ್ನ ಕೈ ಹಿಡಿದುಕೊಂಡಳು. ಸಮಾಧಾನ ಬೇಕಿರುವುದು ನನಗೇ ಎಂಬಂತೆ ಮೆಲ್ಲಗೆ ಸವರಿದಳು.

"ಹೊರಗೆ ಬರೋ ಗಾಳಿ ನನಗೆ ಗೊತ್ತಾಗಲ್ವೇನೆ?" ಎಂದಳು. "ಅವ್ರು ಒಳಗೆ ಎಳ್ಕೊಂಡ್ರು ಕಣೆ."