ತುರಾಯಿ ಇಲ್ಲದ ನವಿಲು

ಕುಬಿಹಾಳದ ನನ್ನ ಬಾಡಿಗೆ ಮನೆಯ ಕಪಾಟಿನಲ್ಲಿ, ಗಣಿತದ ಪುಸ್ತಕಗಳ ಪಕ್ಕಕ್ಕೆ, ಒಂದು ಕ್ರಿಕೆಟ್ ಆಟದ ಡಬ್ಬಿ ಇದೆ. ಒಳಗಿನ ಸಿ.ಡಿ.ಯ ಮೇಲೆ ಒಂದು ಗೀರೂ ಬಿದ್ದಿಲ್ಲ. ಕಂಪ್ಯೂಟರಿಗೆ ಹಾಕಿದರೆ ಗರಗರ ತಿರುಗುತ್ತದೆ, ಕಂಪನಿಯ ಗುರುತು ಮಿಂಚಿ ಹೋಗುತ್ತದೆ, ಆಮೇಲೆ ಸರ್ವರ್ ಸಿಗುತ್ತಿಲ್ಲ ಎಂಬ ಒಂದು ಸಾಲು ಬಂದು ಕೂತುಬಿಡುತ್ತದೆ. ಡಬ್ಬಿ ನನ್ನದು, ಸಿ.ಡಿ. ನನ್ನದು, ಆಟ ಮಾತ್ರ ನನ್ನದಲ್ಲವಂತೆ. ಇದನ್ನು ಯಾರಿಗಾದರೂ ಹೇಳಹೊರಟರೆ ನನಗೆ ಈಗಲೂ ಧ್ವನಿ ಏರುತ್ತದೆ. ಶಾಲೆಯಲ್ಲಿ ನನ್ನ ಸಹೋದ್ಯೋಗಿಗಳು ಈ ವಿಷಯ ತೆಗೆಯುವುದನ್ನೇ ಬಿಟ್ಟಿದ್ದಾರೆ.

ನಾನು ಬೆಳೆದದ್ದು ನವಲಗುಂದದಲ್ಲಿ, ಜಮಖಾನೆ ನೇಯುವವರ ಓಣಿಗೆ ಹತ್ತಿಕೊಂಡ ಮನೆಯಲ್ಲಿ. ಆ ಓಣಿಯ ಮೂರನೇ ಮನೆ ನನ್ನ ಗೆಳತಿಯದು. ಒಂದೇ ಬೆಂಚಿನ ಮೇಲೆ ಕೂತು ಡಿಗ್ರಿಯವರೆಗೆ ಬಂದವರು ನಾವು. ನಾನು ಡಿಗ್ರಿ ಸೇರಿದಾಗ ಅಪ್ಪ ಓದಲಿಕ್ಕೆಂದು ಕಂಪ್ಯೂಟರ್ ತಂದುಕೊಟ್ಟರು. ಅವ್ವ ಅದಕ್ಕೆ ಕಸೂತಿಯ ಮುಸುಕು ಹಾಕಿ ಪಡಸಾಲೆಯಲ್ಲಿ ಕೂರಿಸಿದಳು. ಓದು ಎಷ್ಟು ಆಯಿತೋ ದೇವರಿಗೇ ಗೊತ್ತು. ಹುಬ್ಬಳ್ಳಿಯಿಂದ ಆ ಕ್ರಿಕೆಟ್ ಆಟದ ಡಬ್ಬಿ ತಂದ ಮೇಲೆ ನಾವಿಬ್ಬರೂ ಮಧ್ಯಾಹ್ನವೆಲ್ಲ ಅದರ ಮುಂದೆಯೇ ಇರುತ್ತಿದ್ದೆವು. ಅಪ್ಪ ಒಳಗೆ ಬಂದರೆ ಮುಸುಕು ಬೀಳುತ್ತಿತ್ತು, ಅಷ್ಟೇ.

ಆಟದಲ್ಲಿ ಗೆಳತಿಯ ಕೈ ನನಗಿಂತ ಚುರುಕು. ಆಕೆಗೆ ಮನೆಯಲ್ಲಿ ಒಂದೇ ಸಿಟ್ಟು. ಅವಳ ತಾಯಿ ಆ ಓಣಿಯಲ್ಲೇ ಹೆಸರು ಮಾಡಿದ ನೇಕಾರಳು. ನಾನು ಅವರನ್ನು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆ. ಆದರೆ ಆ ಓಣಿಯ ಪದ್ಧತಿಯೇ ಹಾಗೆ, ಮಗ್ಗದ ಕೆಲಸವನ್ನು ಸೊಸೆಗೆ ಕಲಿಸುತ್ತಾರೆ, ಮಗಳಿಗಿಲ್ಲ. ಮಗಳು ನಾಳೆ ಇನ್ನೊಂದು ಮನೆಗೆ ಹೋಗುವವಳು, ವಿದ್ಯೆಯೂ ಅವಳ ಹಿಂದೆ ಹೊರಟುಬಿಡುತ್ತದೆ ಎಂದು ಹೆದರಿಕೆ. ನಕ್ಷೆಯನ್ನು ಕಾಗದದ ಮೇಲೆ ಬರೆಯುವುದೂ ಇಲ್ಲ, ಎಲ್ಲವೂ ಬಾಯಲ್ಲಿ ಎಣಿಕೆ.

“ನಿನ್ನೆ ಬಂದ ಭಾಭಿಗೆ ಕಲಸ್ತಾಳ, ಹತ್ತೊಂಬತ್ತು ವರ್ಷ ಇದ್ದ ನನಗ ಇಲ್ಲ. ನಾ ಏನ್ ಕಳ್ಳಿ ಏನು?” ಎಂದು ಗೆಳತಿ ನನ್ನ ಹತ್ತಿರ ಬಂದು ಹಾರಾಡುತ್ತಿದ್ದಳು. ನಾನು ಅವಳ ಕೈಗೆ ಮೌಸ್ ಕೊಡುತ್ತಿದ್ದೆ. ನಾಲ್ಕು ಬೌಂಡರಿ ಹೊಡೆದ ಮೇಲೆ ಸಮಾಧಾನ ಆಗುತ್ತಿದ್ದಳು.

ಆ ಆಟದಲ್ಲಿ, ಇಂಟರ್‌ನೆಟ್ ಹಚ್ಚಿ, ನಮ್ಮದೇ ತಂಡ ಕಟ್ಟಬಹುದಿತ್ತು. ತಂಡಕ್ಕೆ ಒಂದು ಬಾವುಟ ಬೇಕು. ಬಾವುಟವೆಂದರೆ ಪರದೆಯ ಮೇಲೆ ಚೌಕುಳಿ ಚೌಕುಳಿ ಮನೆಗಳು, ಒಂದೊಂದು ಮನೆಗೂ ಬಣ್ಣ ತುಂಬುತ್ತ ಹೋಗಬೇಕು. ನಾವು ಹುಲಿ ತೆಗೆಯಲು ಹೊರಟಿದ್ದೆವು. ಮಗಳನ್ನು ಕರೆಯಲು ಬಂದ ಖಾಲಾ ಹಿಂದೆ ನಿಂತು ನೋಡಿ ಬಿದ್ದು ಬಿದ್ದು ನಕ್ಕರು.

“ಇದೇನ್ ಬೇಟಿ, ಹುಲಿ ಏನು? ನಮ್ಮನಿ ಬೆಕ್ಕು ಇದಕ್ಕಿಂತ ಜೋರ್ ಐತಿ.”

ಆಮೇಲೆ ಕನ್ನಡಕ ಸರಿಮಾಡಿಕೊಂಡು ಪರದೆಗೆ ಹತ್ತಿರ ಬಂದರು. “ಮನಿ ಎಣಿಸಿ ಬಣ್ಣ ಹಾಕೂದು? ಇದು ನಮ್ಮ ಮಗ್ಗದಂಗ ಐತಲ್ಲ. ಸರಿ, ಅಳಿಸು ಅದನ್ನ. ನಾ ಹೇಳ್ತೀನಿ, ನೀ ತುಂಬು.”

ಗೆಳತಿ ಮೌಸಿಗೆ ಕೈ ಚಾಚಿದಳು. ಖಾಲಾ ತಡೆದರು. “ನೀ ಬ್ಯಾಡ. ಆಕಿ ತುಂಬ್ಲಿ. ಇದು ಆಟ, ಕಲಸೂದಲ್ಲ.”

ಮಗ್ಗದಲ್ಲಿ ನೇಯ್ಗೆ ಬುಡದಿಂದ ಮೇಲಕ್ಕೆ ಏರುತ್ತದೆ. ಖಾಲಾ ಹಾಗೆಯೇ ಹೇಳುತ್ತ ಹೋದರು. “ಎರಡ್ ಬಿಡು, ಒಂದ್ ಹಳದಿ. ಮೂರ್ ಬಿಡು, ಒಂದ್ ಹಳದಿ. ಇವು ಕಾಲು.” ಕಾಲಾಯಿತು, ಹೊಟ್ಟೆಯಾಯಿತು, ಕೆಂಪು ನೆಲದ ಮೇಲೆ ಹಸಿರು ಗರಿ ಬಿಚ್ಚಿತು. ಪರದೆಯ ಕಡೆ ಅವರು ನೋಡುತ್ತಲೇ ಇರಲಿಲ್ಲ. ಪಕ್ಕದಲ್ಲಿ ಮುಖ ಉಬ್ಬಿಸಿಕೊಂಡು ಕೂತಿದ್ದ ಮಗಳನ್ನು ನೋಡುತ್ತ, ಒಂದೊಂದು ಸಾಲನ್ನೂ ಎರಡೆರಡು ಸಲ ಹೇಳುತ್ತಿದ್ದರು. ಖಾಲಾಗೆ ಮರೆವು ಬರುತ್ತಿದೆ ಎಂದು ನಾನು ಅಂದುಕೊಂಡೆ. ಹತ್ತೊಂಬತ್ತರ ಬುದ್ಧಿ!

“ಯಾವ ಜಮಖಾನಿದು ಇದು, ಖಾಲಾ?” ಎಂದು ಕೇಳಿದೆ.

“ಯಾವುದರಾಗೂ ಇಲ್ಲ ಇದು. ಮಾರೂ ನವಿಲು ಬ್ಯಾರೆ. ಇದು ಮನ್ಯಾಗ ಇರೂ ನವಿಲು.”

ಕುತ್ತಿಗೆಯವರೆಗೆ ಬಂದಿತ್ತು, ಕರೆಂಟ್ ಹೋಯಿತು. ಮರುದಿನ ಗೆಳತಿಯ ಬ್ಯಾಚಿಗೆ ಕಾಲೇಜಿನಲ್ಲಿ ಪ್ರ್ಯಾಕ್ಟಿಕಲ್ ಪರೀಕ್ಷೆ, ನನ್ನ ಬ್ಯಾಚಿನದು ಮುಗಿದಿತ್ತು. ಖಾಲಾ ಒಬ್ಬರೇ ಬಂದು, ತಲೆ ಮತ್ತು ತಲೆಯ ಮೇಲಿನ ತುರಾಯಿ ಹೇಳಿಕೊಟ್ಟರು. ನನಗೆ ಮ್ಯಾಚ್ ಶುರು ಮಾಡುವ ಅವಸರ. ಅವರು ಹೇಳಿದ ಮನೆಯಲ್ಲಿ ಚಕಚಕ ಒತ್ತುತ್ತ ಹೋದೆ. ಮುಗಿದ ಕೂಡಲೇ ಆಟ ಹಚ್ಚಿದೆ.

ಸಿಕ್ಸರ್ ಬಿದ್ದಾಗಲೆಲ್ಲ ಮೈದಾನದ ತುಂಬ ಜನ ಎದ್ದು ತಂಡದ ಬಾವುಟ ಬೀಸುತ್ತಿದ್ದರು. ಅದನ್ನು ಮೊದಲ ಸಲ ನೋಡಿದಾಗ ಖಾಲಾ ಬಾಯಿಯ ಮೇಲೆ ಸೆರಗು ಇಟ್ಟುಕೊಂಡರು. “ಯಾ ಅಲ್ಲಾ, ಎಷ್ಟ್ ಮಂದಿ ಹಿಡದಾರ ನೋಡ!” ಆಮೇಲಿಂದ ಅದೊಂದು ರೂಢಿಯೇ ಆಯಿತು. ಮಗ್ಗದಲ್ಲಿ ಕೂತು ಬೆನ್ನು ಹಿಡಿದರೆ ನಮ್ಮ ಮನೆಗೆ ಬಂದು, ಅವ್ವ ಕೊಟ್ಟ ಚಹಾ ಹಿಡಿದು ಕುರ್ಚಿಯ ತುದಿಗೆ ಕೂರುವರು. ಯಾರು ಗೆದ್ದರು, ಎಷ್ಟು ರನ್, ಒಂದೂ ಬೇಕಿಲ್ಲ. “ಸಿಕ್ಸರ್ ಹೊಡಿ ಬೇಟಾ, ನನ್ನ ನವಿಲು ನೋಡಬೇಕು.” ಮಗಳು ಹೊಡೆಯುವಳು. ಆ ಮಧ್ಯಾಹ್ನಗಳನ್ನು ನೆನೆದರೆ ಈಗಲೂ ಎದೆ ತುಂಬಿ ಬರುತ್ತದೆ. ಅಷ್ಟು ಸುಖವಾಗಿ ನಾನು ಆಮೇಲೆ ಎಲ್ಲಿಯೂ ಕೂತಿಲ್ಲ.

ಕಂಪನಿಯ ಆಟ ಆಮೇಲೆ ಶುರುವಾಯಿತು. ಮರುವರ್ಷ ಅದೇ ಆಟಕ್ಕೆ ಹೊಸ ಅಂಗಿ ತೊಡಿಸಿ ಹೊಸದು ಎಂದು ಕೊಟ್ಟರು. ಅದರ ಮರುವರ್ಷ ಆಟದೊಳಗೇ ಅಂಗಡಿ ತೆರೆದರು. ಒಳ್ಳೆಯ ಬ್ಯಾಟು ಬೇಕೇ, ಕೊಳ್ಳಿರಿ. ಒಳ್ಳೆಯ ಬೌಲರ್ ಬೇಕೇ, ಮುಚ್ಚಿದ ಪೊಟ್ಟಣ ಕೊಳ್ಳಿರಿ, ಒಳಗೆ ಯಾರು ಇರುತ್ತಾರೋ ನಿಮ್ಮ ನಸೀಬು. ನಮ್ಮ ಊರಲ್ಲಿ ಚೀಟಿ ಎತ್ತಿಸಿ ಸೋಪಿನ ಡಬ್ಬಿ ಕೊಡುವವನಿಗಾದರೂ ಒಂದು ಮುಖ ಇತ್ತು, ಹಿಡಿದು ಬೈಯಬಹುದಿತ್ತು. ಇಲ್ಲಿ ಯಾರನ್ನು ಬೈಯುವುದು? ನಮ್ಮ ಹಳೆಯ ಆಟ ತೆರೆದರೂ ಮೊದಲು ಐದಾರು ಜಾಹೀರಾತು, ಒಂದೊಂದರ ಮೇಲೂ ‘ಕೊನೆಯ ಅವಕಾಶ’, ‘ತುರ್ತು’ ಎಂಬ ಕೆಂಪು ಪಟ್ಟಿ. ನೊಣ ಓಡಿಸುವ ಹಾಗೆ ಅವನ್ನು ಮುಚ್ಚುವುದೇ ಅಭ್ಯಾಸವಾಯಿತು. ನಾನು ಹೊಸದನ್ನು ಕೊಳ್ಳಲಿಲ್ಲ. ಹಳೆಯದರಲ್ಲೇ ಉಳಿದೆ, ಅಲ್ಲಿ ನವಿಲಿತ್ತು.

ನನಗೆ ಕುಬಿಹಾಳದ ಪ್ರೌಢಶಾಲೆಯಲ್ಲಿ ಕೆಲಸ ಸಿಕ್ಕಿತು. ಗೆಳತಿ ಮದುವೆಯಾಗಿ ಅಣ್ಣಿಗೇರಿಗೆ ಹೋದಳು. ಖಾಲಾ ಬೆನ್ನುನೋವಿಗೆ ಸೋತು ಮಗ್ಗ ಬಿಟ್ಟರು, ಸೊಸೆ ಕೂತಳು. ಎರಡು ವರ್ಷದ ಹಿಂದೆ, ಒಂದು ವಾರದ ಜ್ವರದಲ್ಲಿ, ಖಾಲಾ ತೀರಿಕೊಂಡರು.

ಮಣ್ಣಾದ ಮೂರನೇ ದಿನ ಗೆಳತಿ ನನ್ನನ್ನು ಒಳಕೋಣೆಗೆ ಕರೆದಳು. ಅತ್ತು ಅತ್ತು ಧ್ವನಿ ಬಿದ್ದಿತ್ತು.

“ಲೇ, ನವಿಲು ಐತೇನ ಇನ್ನ?”

“ಐತಿ. ಎಲ್ಲಿ ಹೋಗತೈತಿ? ಕೊಂಡದ್ದು ನಮ್ಮದು.”

“ಈಗ ತೋರಸ್ತಿ? ಅಮ್ಮಾ ನನಗ ಅಂತ ಹೇಳಿದ್ದು ಅದೊಂದ ನೋಡು.”

ಸಿ.ಡಿ. ಮತ್ತು ಲ್ಯಾಪ್‌ಟಾಪ್ ಎರಡೂ ನನ್ನ ಚೀಲದಲ್ಲೇ ಇದ್ದವು. ಆದರೆ ಹೊರಗೆ ಹಿರಿಯರು ಕೂತಿದ್ದರು, ಒಳಗೆ ಹೆಂಗಸರು ಕುರಾನ್ ಓದುತ್ತಿದ್ದರು. ಇಂಥ ಮನೆಯಲ್ಲಿ ಆಟ ಹಚ್ಚುವುದೆಂದರೆ ನನಗೇ ಸರಿ ಬರಲಿಲ್ಲ. “ನಲವತ್ತನೇ ದಿನದ ಫಾತಿಹಾ ಮುಗೀಲಿ. ಸತ್ತ ಮನ್ಯಾಗ ಆಟ ಹಚ್ಚಬಾರದು” ಎಂದೆ. ಅವಳೂ ಕಣ್ಣು ಒರೆಸಿಕೊಂಡು ಹೌದೆಂದಳು. ಮೂವತ್ತೇಳು ದಿನ, ಏನು ಮಹಾ?

ಆ ದಿನಗಳಲ್ಲಿ ಕಂಪನಿಯಿಂದ ಮೂರು ಮಿಂಚಂಚೆ ಬಂದವು. ಮೂರರ ಮೇಲೂ ‘ತುರ್ತು’ ಎಂದಿತ್ತು, ‘ಕೊನೆಯ ಅವಕಾಶ’ ಎಂದಿತ್ತು. ಮತ್ತೆ ಪೊಟ್ಟಣ ಮಾರಲು ಬಂದರು ಎಂದು ಮೂರನ್ನೂ ತೆರೆಯದೆ ಅಳಿಸಿದೆ. ಅಷ್ಟು ವರ್ಷ ಸುಳ್ಳುಸುಳ್ಳೇ ತುರ್ತು ಎಂದವರು ಈ ಸಲ ನಿಜ ಹೇಳಿದ್ದರು.

ನಲವತ್ತರ ಫಾತಿಹಾ ಮುಗಿಸಿ, ಮಧ್ಯಾಹ್ನದ ಊಟವಾದ ಮೇಲೆ, ಗೆಳತಿ, ಅವಳ ಅತ್ತಿಗೆ ಭಾಭಿ, ನಾನು ಮಗ್ಗದ ಕೋಣೆಯಲ್ಲಿ ಕೂತೆವು. ಸಿ.ಡಿ. ಹಾಕಿದೆ. ಗರಗರ ತಿರುಗಿತು. ಗುರುತು ಮಿಂಚಿತು. ಆ ಒಂದು ಸಾಲು ಬಂತು. ತೆಗೆದೆ, ಒರೆಸಿದೆ, ಮತ್ತೆ ಹಾಕಿದೆ. ಹಳೆಯ ಆಟದ ಸರ್ವರನ್ನು ಹತ್ತು ದಿನದ ಹಿಂದೆಯೇ ಮುಚ್ಚಿದ್ದರು. ತಂಡ, ಬಾವುಟ, ಎಲ್ಲ ಇದ್ದದ್ದು ಅವರಲ್ಲಿ. ನನ್ನ ಕಂಪ್ಯೂಟರಿನಲ್ಲಿ ಏನೂ ಇರಲಿಲ್ಲ.

ಗೆಳತಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಇರಲಿ ತಗೊ” ಎಂದು ಎದ್ದು ಹೋಗಿ ಪಾತ್ರೆ ತಿಕ್ಕಲು ಕೂತಳು.

ನಾನು ಸುಮ್ಮನಿರುವವಳಲ್ಲ. ಎರಡು ಪುಟದ ದೂರು ಬರೆದೆ. ‘ನಿಮ್ಮ ಉತ್ಸಾಹಕ್ಕೆ ಧನ್ಯವಾದ’ ಎಂದು ಉತ್ತರ ಬಂತು, ಕೆಳಗೆ ಹೊಸ ಆಟಕ್ಕೆ ರಿಯಾಯಿತಿ. ಆಟಗಾರರು ಸೇರುವ ಒಂದು ತಾಣಕ್ಕೆ ಹೋದರೆ ಅಲ್ಲಿ ನನ್ನಂಥವರದೇ ಜಾತ್ರೆ. ಯಾವ ಯಾವ ದೇಶದವರೋ, ವರ್ಷಗಟ್ಟಲೆ ಕಟ್ಟಿದ್ದೆಲ್ಲ ಹೋಯಿತೆಂದು ಕಿರುಚಾಡುತ್ತಿದ್ದರು. ನಾನೂ ಒಂದು ದಿನ ಮನಸಾರೆ ಕಿರುಚಿದೆ. ಒಳಗೊಳಗೇ ಗೊತ್ತಿತ್ತು, ಮುಚ್ಚಿದ್ದು ಅವರು, ನಾಳೆ ನೋಡೋಣ ಎಂದದ್ದು ನಾನು.

ಒಂದು ಭಾನುವಾರ ಶಾಲೆಯ ಗ್ರಾಫ್ ಹಾಳೆ ಹಿಡಿದು ಅಣ್ಣಿಗೇರಿಗೆ ಹೋದೆ. “ನಾನ ತುಂಬಿದ್ದು, ನೆನಪು ಮಾಡಿ ತಗೀತೀನಿ” ಎಂದು ಪೆನ್ಸಿಲ್ ಹಿಡಿದೆ. ಒಂದು ಸಾಲೂ ಹೊಳೆಯಲಿಲ್ಲ. ಕೆಂಪು ನೆಲ, ಹಸಿರು ಗರಿ, ಅಷ್ಟೇ. ಗೆಳತಿ ಕಣ್ಣು ಮುಚ್ಚಿ ಮೆಲ್ಲಗೆ ಶುರು ಮಾಡಿದಳು.

“ಎರಡ್ ಬಿಡು, ಒಂದ್ ಹಳದಿ. ಮೂರ್ ಬಿಡು, ಒಂದ್ ಹಳದಿ. ಇವು ಕಾಲು.”

ಖಾಲಾ ಅವರದೇ ಎಳೆತ, ಅದೇ ನಿಲುಗಡೆ. ಹೊಟ್ಟೆ ಬಂತು. ಗರಿ ಬಂದವು. ಎಲ್ಲಿಯೂ ತಡವರಿಸಲಿಲ್ಲ. ಆ ಮಧ್ಯಾಹ್ನ ಖಾಲಾ ಎರಡೆರಡು ಸಲ ಹೇಳಿದ್ದು ಯಾರಿಗೆಂದು ನನಗೆ ಆಗ ತಿಳಿಯಿತು. ನಾನು ಬರೀ ಕೈ ಆಗಿದ್ದೆ. ಓಣಿಯ ಮಾತು ಮೀರದೆ, ನನ್ನನ್ನು ಮುಂದೆ ಕೂರಿಸಿಕೊಂಡು, ತಾಯಿ ಮಗಳಿಗೆ ಕಲಿಸಿಬಿಟ್ಟಿದ್ದಳು. ಹಾಳೆಯ ಮೇಲೆ ಕಣ್ಣೀರು ಬೀಳದಂತೆ ಮುಖ ತಿರುಗಿಸಿಕೊಂಡೆ.

ಕುತ್ತಿಗೆಗೆ ಬಂದು ಅವಳು ನಿಂತಳು. ಕಣ್ಣು ಬಿಟ್ಟು ನನ್ನನ್ನು ನೋಡಿದಳು. “ಮುಂದಿಂದು ನಿನಗ ಹೇಳ್ಯಾಳ. ನಾ ಅವತ್ತ ಇರಲಿಲ್ಲ.”

ಕುತ್ತಿಗೆಯ ಮೇಲಿನ ಖಾಲಿ ಮನೆಗಳನ್ನು ಪೆನ್ಸಿಲ್ ತುದಿಯಿಂದ ಎಣಿಸಿದೆ. ಬೀಸುವ ಬಾವುಟದಲ್ಲಿ ತುರಾಯಿ ಕಂಡದ್ದು ಒಂದು ಹಳದಿ ಚುಕ್ಕಿಯ ಹಾಗೆ, ಅದರ ಮನೆಗಳನ್ನು ನಾವು ಯಾರೂ ಎಣಿಸಿರಲಿಲ್ಲ. ಮ್ಯಾಚಿನ ಅವಸರ ಮಾತ್ರ ನೆನಪಿತ್ತು.

ಈ ಬೇಸಿಗೆಯಲ್ಲಿ ಭಾಭಿ ಅದನ್ನು ಮಗ್ಗಕ್ಕೆ ಏರಿಸಿದಳು. ಹಾಳೆ ನೋಡಿ ಅಲ್ಲ, ಗೆಳತಿ ಪಕ್ಕದಲ್ಲಿ ಕೂತು ಹೇಳುತ್ತ ಹೋದಳು, ಭಾಭಿ ನೇಯ್ದಳು. ತಲೆಯನ್ನು ಬರಿಯ ಗೆರೆಯಲ್ಲಿ ತೋರಿಸಿದರು. ಈ ನವಿಲನ್ನು ಖಾಲಾ ಭಾಭಿಗೂ ಕಲಿಸಿರಲಿಲ್ಲ; ಮಾರುವ ನವಿಲಿನ ತುರಾಯಿಯನ್ನೇ ಕೂರಿಸುತ್ತೇನೆಂದು ಅವಳು ಹೇಳಿದಳಂತೆ, ಅವಳಿಗೇನು ಬರುವುದಿಲ್ಲವೇ! ಗೆಳತಿ ಬೇಡವೆಂದಳು. ತಲೆಯ ಮೇಲೆ ನಾಲ್ಕು ಬೆರಳು ಅಗಲ ಬರೀ ಕೆಂಪು ನೇಯಿಸಿ, ಮಗ್ಗದಿಂದ ಇಳಿಸಿ, ಜಮಖಾನೆಯನ್ನು ತಾನೇ ಬಸ್ಸಿನಲ್ಲಿ ಕುಬಿಹಾಳಕ್ಕೆ ಹೊತ್ತು ತಂದಳು.

“ನಿನ್ನ ಕಡೆನ ಇರಲಿ. ನೆನಪಾದಾಗ ಸೂಜೀಲೆ ತುಂಬು” ಎಂದಳು. ಕೆಂಪು ಜಾಗದ ಅಂಚಿಗೆ ಸೂಜಿ ಚುಚ್ಚಿತ್ತು, ಅದರಲ್ಲಿ ಹಳದಿ ದಾರ ಪೋಣಿಸಿಯೇ ಇತ್ತು.

ಏನಾದರೊಂದು ತುರಾಯಿ ಹಾಕಿ, ಇದೇ ಅದು ಎಂದರೆ ಅವಳು ನಂಬುತ್ತಾಳೆ. ಒಮ್ಮೆ ಸೂಜಿ ಕೈಗೆತ್ತಿಕೊಂಡೂ ಇದ್ದೆ. ಮತ್ತೆ ಅಲ್ಲೇ ಚುಚ್ಚಿದೆ. ಜಮಖಾನೆ ಕಪಾಟಿನಲ್ಲಿ ಆ ಡಬ್ಬಿಯ ಕೆಳಗಿನ ಅರೆಯಲ್ಲಿದೆ. ಶುಕ್ರವಾರಕ್ಕೊಮ್ಮೆ ಗೆಳತಿಯ ಫೋನ್ ಬರುತ್ತದೆ. ಮಾತೆಲ್ಲ ಮುಗಿದ ಮೇಲೆ ಕೇಳುತ್ತಾಳೆ, “ನೆನಪಾತೇನ?”

“ಇನ್ನೂ ಇಲ್ಲ” ಎನ್ನುತ್ತೇನೆ.