ಬೀಗ ಹಾಕಿದ ಗುಡಿಯ ಗಂಟೆ

"ಗಂಟೆ ಅಲ್ಲಾಡ್ಸೋದು ಬಿಟ್ರೆ ಇನ್ನೇನು ಗೊತ್ತೋ ನಿಂಗೆ? ಬೇರೆ ಕೆಲ್ಸ ನಿನ್ ಕೈಲಾಗಲ್ಲ ಬಿಡು." ನನ್ನ ಅಪ್ಪನಿಗೆ ಹೀಗೆಂದವನು ಅವನ ಅಣ್ಣ, ನಮ್ಮ ದೊಡ್ಡಪ್ಪ. ಈಗಲೂ ಎಲ್ಲಾದರೂ ವೈರು ಸುಟ್ಟ ವಾಸನೆ ಬಂದರೆ ನನಗೆ ಆ ಮಾತು, ಅದರ ಹಿಂದೆಯೇ ಕರ್ಪೂರದ ಘಮ ನೆನಪಾಗುತ್ತವೆ. ಜಯನಗರದ ಆಚೆ, ರಾಗಿ ಹೊಲಗಳ ನಡುವೆ ಇತ್ತು ನಮ್ಮ ಹಳ್ಳಿ. ನಮ್ಮ ಮನೆಯೂ ಎದುರಿಗಿದ್ದ ಮಾರಮ್ಮನ ಗುಡಿಯೂ ಈಗ ಇಲ್ಲ. ಆ ಜಾಗದ ಮೇಲೆ ನೀವು ದಿನವೂ ಬಸ್ಸಿನಲ್ಲಿ ಹೋಗುತ್ತಿರಬಹುದು.

ಅಪ್ಪ ಆ ಗುಡಿಯ ಪೂಜಾರಿ. ಊರಿನವರು ಏನೇ ಕೈಗೆತ್ತಿಕೊಳ್ಳುವ ಮೊದಲು ಮಾರಮ್ಮನನ್ನು ಹೂ ಕೇಳುತ್ತಿದ್ದರು. ಅಪ್ಪ ಒದ್ದೆ ಕಣಗಿಲೆ ಹೂಗಳನ್ನು ವಿಗ್ರಹದ ಎರಡೂ ಭುಜಕ್ಕೆ ಅಂಟಿಸಿ, ಗಂಟೆ ಬಾರಿಸುತ್ತಾ ನಿಲ್ಲುತ್ತಿದ್ದ. ಬಲಗಡೆಯದು ಬಿದ್ದರೆ ಆಗಲಿ, ಎಡಗಡೆಯದು ಬಿದ್ದರೆ ಬೇಡ. ಗುಡಿಯ ಹಿಂದಿನ ತೋಪನ್ನು ಹೊಸ ಬಡಾವಣೆಗೆ ಕೊಡಬಹುದೇ ಎಂದು ಕೇಳಿದ ದಿನ ಎಡಗಡೆಯ ಹೂ ಬಿತ್ತು. ಕೊಡಲು ತುದಿಗಾಲಲ್ಲಿ ನಿಂತಿದ್ದ ಹಿರಿಯರು, ಪೂಜಾರಿ ಬೇಕೆಂದೇ ಆ ಹೂವನ್ನು ಸಡಿಲವಾಗಿಟ್ಟಿದ್ದಾನೆ ಎಂದರು. ಅಪ್ಪ ಗುಡಿಯ ಬೀಗದ ಕೈ ಕೊಟ್ಟುಬಿಟ್ಟ. ಪೂಜೆ ದೊಡ್ಡಪ್ಪನ ಪಾಲಾಯಿತು.

ಅಂದಿನಿಂದ ದೀಪ ಹಚ್ಚುವ ಹೊತ್ತಿಗೆ ಅಪ್ಪನ ಬಲಗೈ ತಾನಾಗಿ ಮೇಲೆದ್ದು, ಗಂಟೆ ಹಿಡಿದಂತೆ ಅಲ್ಲಾಡತೊಡಗಿತು. ಅದೇ ಹೊತ್ತಿಗೆ ಎದುರಿನ ಗುಡಿಯಿಂದ ಗಂಟೆಯ ಸದ್ದು ಕೇಳಿಸುತ್ತಿತ್ತು. ಬೇಗನೆ ಪೂಜೆ ಮುಗಿಸಿ ಬೀಗ ಹಾಕಿ ಬಂದ ದೊಡ್ಡಪ್ಪ ಆಗ ನಮ್ಮ ಜಗಲಿಯ ಮೇಲೆಯೇ ಕೂತಿರುತ್ತಿದ್ದ. ಸದ್ದು ಕೇಳಿದೊಡನೆ ಬೀಡಿ ಆರಿಸಿ, ಗುಡಿಯ ಕಡೆ ತಿರುಗಿ ನೋಡದೆ ಎದ್ದು ಹೋಗುತ್ತಿದ್ದ. ಯಾರೂ ಅದರ ಮಾತೆತ್ತುತ್ತಿರಲಿಲ್ಲ.

ಜಯನಗರದ ಹೊಸ ಮನೆಗಳಿಗೆ ಕರೆಂಟ್ ಹಾಕುತ್ತಿದ್ದ ಮೇಸ್ತ್ರಿಯೊಬ್ಬನ ಕೈಕೆಳಗೆ ಅಪ್ಪ ಗೋಡೆಗೆ ವೈರು ಕೂರಿಸುವ ಮರದ ಪಟ್ಟಿ ಹೊಡೆಯಲು ಸೇರಿದ. "ಏನ್ ಪೂಜಾರಪ್ಪ, ಸ್ವಿಚ್ಚಿಗೂ ಕೈ ಮುಗೀತೀಯಲ್ಲ," ಎಂದು ಮೇಸ್ತ್ರಿ ನಗುತ್ತಿದ್ದ. ವೈರ್‌ಮನ್ ಪರೀಕ್ಷೆ ಪಾಸಾಗದಿದ್ದರೆ ಕೊನೆತನಕ ಪಟ್ಟಿ ಹೊಡೆಯುವುದೇ ಗತಿ ಎಂದವನೂ ಅವನೇ. ನಮ್ಮ ಮನೆಯಲ್ಲಿ ಮೊದಲು ಡಿಗ್ರಿ ಪಡೆದವಳು ನಾನು, ಹೆಮ್ಮೆಯಿಂದಲೇ ಹೇಳುತ್ತೇನೆ. ಆದರೆ ಮೊದಲು ಪರೀಕ್ಷೆಗೆ ಕೂತವನು ಅಪ್ಪ. ನಾನು ಓದಿ ಹೇಳಿದ್ದನ್ನೆಲ್ಲ ಮಂತ್ರದಂತೆ ಬಾಯಿಪಾಠ ಮಾಡಿದ.

ಪರೀಕ್ಷೆಯ ದಿನ ಅವನ ಸರದಿ ಬರುವಷ್ಟರಲ್ಲಿ ಹೊತ್ತು ಮುಳುಗುತ್ತಿತ್ತು. ಕೈ ಅಲ್ಲಾಡಿದರೆ ತಂತಿ ಜೋಡಿಸುವುದು ಹೇಗೆ? ನಾನು ಕಿಟಕಿಯಾಚೆ ನಿಂತು ನೋಡುತ್ತಿದ್ದೆ. ಬಲಗೈ ಎದ್ದೇ ಎದ್ದಿತು. ಗಾಳಿಯಲ್ಲಿ ಒಂದು ಗಳಿಗೆ ನಿಂತಿತು. ಆಮೇಲೆ ಯಾರೋ ಮೆಲ್ಲಗೆ ಹಿಡಿದು ಇಳಿಸಿದಂತೆ ಬೋರ್ಡಿನ ಮೇಲಿಳಿದು, ಒಂದಿಷ್ಟೂ ನಡುಗದೆ ತಂತಿಗಳನ್ನು ಬಿಗಿಯಿತು. ಬಲ್ಬು ಹತ್ತಿತು. ಕಿಟಕಿಯಿಂದ ಕರ್ಪೂರದ ವಾಸನೆ ಬಂತು. ಅಲ್ಲಿ ಯಾರೂ ಕರ್ಪೂರ ಹಚ್ಚಿರಲಿಲ್ಲ.

ಸರ್ಟಿಫಿಕೇಟು ಕೈಗೆ ಬಂದ ದಿನ ಅಪ್ಪ ಅದನ್ನು ತಂದು ಅಜ್ಜಿಗೆ, ಅಂದರೆ ತನ್ನ ತಾಯಿಗೆ ಕೊಟ್ಟು ಕಾಲಿಗೆ ಬಿದ್ದ. ಜಗಲಿಯ ಮೇಲಿದ್ದ ದೊಡ್ಡಪ್ಪ ತಲೆ ಎತ್ತಲಿಲ್ಲ. ಓದು ಬಾರದ ಅಜ್ಜಿ ಕಾಗದವನ್ನು ಕಣ್ಣಿಗೊತ್ತಿಕೊಂಡಳು. ಹೊರಗೆ ದೀಪ ಹಚ್ಚುವ ಹೊತ್ತು. ಗುಡಿ ಸುಮ್ಮನಿತ್ತು.

"ನೀನು ಪರೀಕ್ಷೆಗೆ ಹೋದಾಗಿಂದ ಗಂಟೆ ಕೇಳ್ಸಿಲ್ಲ ಕಣಪ್ಪ," ಎಂದಳು ಅಜ್ಜಿ. "ಇಷ್ಟ್ ದಿನ ಮಾರಮ್ಮ ನಿನ್ನ ಕರೀತಾನೇ ಇದ್ಲು. ಈಗ ಕಳಿಸ್ಕೊಟ್ಲು."