ಬಾಯಿಗೆ ಬುಟ್ಟ ಪಂಪ್‌ಸೆಟ್ಟು

ಕೆ.ಆರ್. ನಗರದಲ್ಲಿ ನಮ್ಮತ್ತೆ ಮನೆ ಗದ್ದೆ ಬದುವಿನ ಮೇಲೆ ನಾನು ಕುಂತು, ಕಬ್ಬಿನ ಗೆಣ್ಣನ್ನ ಮುಂದಿನ ಹಲ್ಲಲ್ಲೇ ಮುರೀತೀನಿ ಅಂತ ಪಂದ್ಯ ಕಟ್ಟಿದೆ. ಗೆಣ್ಣು ಅಂಗೇ ಇತ್ತು, ಹಲ್ಲು ಅರ್ಧ ಓಯ್ತು. ಅಷ್ಟೇ ಆಗಿದ್ರೆ ನಾನೇನು ತಲೆ ಕೆಡಿಸ್ಕೊತಿರ್ಲಿಲ್ಲ. ಊರಲ್ಲಿ ಹಲ್ಲಿಲ್ದೋರು ಬೇಕಾದಷ್ಟು ಜನ ಅವ್ರೆ, ಮುದ್ದೆ ನುಂಗ್ಕೊಂಡು ಚೆನ್ನಾಗೇ ಅವ್ರೆ. ಆದ್ರೆ ಅದೇ ವಾರ ನಮ್ಮ ಕಾಲೇಜಿನ ವಾರ್ಷಿಕೋತ್ಸವ, ನಿರೂಪಣೆ ನಂದು. ಆ ಮೈಕು ನನ್ನ ಕೈಗೆ ಬರ್ಲಿ ಅಂತ ಕನ್ನಡ ಮೇಷ್ಟ್ರ ಹಿಂದೆ ನಾನು ಸುತ್ತಿದಷ್ಟು ಅವರ ನೆರಳೂ ಸುತ್ತಿರಾಕಿಲ್ಲ. ಈಗ ನೋಡಿದ್ರೆ ‘ಸರ್ವರಿಗೂ ಸುಸ್ವಾಗತ’ ಅಂದ್ರೆ ಕುಕ್ಕರ್ ಕೂಗ್ದಂಗೆ ಆಯ್ತಿತ್ತು.

ನನ್ನ ಕ್ಲಾಸಿನ ಹುಡುಗಿ ಒಬ್ಬಳಿದ್ಲು, ಮೈಕಿಗೆ ನನ್ನಷ್ಟೇ ಆಸೆ ಪಟ್ಟಿದ್ದೋಳು. ಕೇಳಿಸ್ಕೊಂಡು ಅಂದ್ಲು: “ಮೂರು ವಿಷಲ್ ಬರ್ಲಿ ಕಣೋ. ನಿನ್ನ ಇಳಿಸಿ ನನ್ನ ಇಡ್ತಾರೆ.”

ಹುಣಸೂರಿನ ಹಲ್ಲಿನ ಡಾಕ್ಟ್ರಮ್ಮ ಸಿಕ್ಕಿದ್ದು ವಾರ್ಷಿಕೋತ್ಸವದ ದಿನವೇ, ಮಧ್ಯಾಹ್ನ. ಜೊತೆಗೆ ನಮ್ಮಪ್ಪ ಬಂದ. ನಮ್ಮಪ್ಪ ಹನಗೋಡಲ್ಲಿ ಹೊಳೆಗೆ ಮೋಟ್ರು ಇಟ್ಕೊಂಡು ಬೇಸಾಯ ಮಾಡೋನು. ನನಗೆ ಜ್ವರ ಬಂದ್ರೆ ಮಾತ್ರೆ ತಂದು ಕೊಟ್ಟು ಓಯ್ತಾನೆ, ಮೋಟ್ರು ಕೆಮ್ಮಿದ್ರೆ ರಾತ್ರಿಯೆಲ್ಲಾ ಅದರ ಪಕ್ಕ ಮಲಗ್ತಾನೆ.

ತುಟಿ ಮೇಲ್ಗಡೆ ಸೂಜಿ ಚುಚ್ಚಿ ಮರಗಟ್ಟಿಸಿದ್ರು. ಆಮೇಲೆ ಡಾಕ್ಟ್ರಮ್ಮ ಒಂದು ಸಣ್ಣ ಪೈಪ್ ತಗೊಂಡು, ಅಜ್ಜನ ಊರುಗೋಲಿನ ಹಿಡಿ ತರ ಬಗ್ಗಿಸಿ, ನನ್ನ ಬಾಯಿ ಮೂಲೆಗೆ ನೇತಾಕಿದ್ರು. ಸೊರ್‌ರ್ ಅಂತ ಎಳೆಯೋಕೆ ಶುರು ಮಾಡ್ತು. ಬಾಯಿಗೆ ಪೈಪ್ ಬಂದ್ರೆ ನಮಗೆ ಗೊತ್ತಿರೋದು ಒಂದೇ ಕೆಲಸ. ತುಟಿ ಮುಚ್ಚಿ ಎಳನೀರು ಕುಡ್ದಂಗೆ ಹೀರಿದೆ.

“ಹೀರಬೇಡಪ್ಪಾ, ತುಟಿನೂ ಮುಚ್ಚಬೇಡ,” ಅಂದ್ರು ಡಾಕ್ಟ್ರಮ್ಮ. “ಎಳ್ಕೊಳ್ಳೋದು ಅದರ ಕೆಲಸ. ನೀನು ಮುಚ್ಕೊಂಡ್ರೆ ಪೈಪಲ್ಲಿರೋದು ವಾಪಸ್ ನಿನ್ನ ಬಾಯಿಗೇ ಬರಬಹುದು.”

ಮೂಲೆ ಸ್ಟೂಲಿಂದ ನಮ್ಮಪ್ಪ ಕತ್ತು ಎತ್ತಿದ. “ಯಾಕ್ ಮೇಡಂ, ನೀರು ವಾಪಸ್ ಬರ್ದಂಗೆ ತಡೆಯೋ ಫುಟ್‌ವಾಲ್ ಇಲ್ವಾ ಇದುಕ್ಕೆ?”

ಡಾಕ್ಟ್ರಮ್ಮ ಮಾಸ್ಕ್ ಒಳಗೇ ನಕ್ಕಿರಬೇಕು, ಭುಜ ಅಳ್ಳಾಡ್ತು. ಪಕ್ಕದಲ್ಲಿ ಡಾಕ್ಟ್ರಮ್ಮನ ಸಹಾಯಕ್ಕೆ ಎಚ್.ಡಿ. ಕೋಟೆ ಕಡೆ ಅಕ್ಕ ಒಂದು ದಪ್ಪ ಪೈಪ್ ಹಿಡ್ಕೊಂಡು ನಿಂತಿತ್ತು. ಸಣ್ಣದು ಎಂಜಲಿಗೆ, ದಪ್ಪದು ಹಲ್ಲು ಕೊರೆಯೋ ಮಿಷನ್ನು ಚಿಮ್ಮಿಸೋ ನೀರಿಗೆ. ಆ ದಪ್ಪ ಪೈಪು ಸಿಕ್ಕಿದ್ದೆಲ್ಲಾ ತನ್ನದೇ ಅನ್ನೋ ಜಾತಿ. ಒಂದ್ಸಲ ನನ್ನ ಕೆನ್ನೆ ಹಿಡ್ಕೊಂತು, ಒಂದ್ಸಲ ನಾಲಿಗೆ. ಪಚಕ್ ಅಂತ ಬಿಡಿಸ್ಕೊಂಡಾಗ ನಾಲಿಗೆ ಒಂದು ಗೇಣು ಉದ್ದ ಆಗಿತ್ತು ಅಂತ ನಾನು ಈಗ್ಲೂ ಹೇಳ್ತೀನಿ.

ಕೊರೆದಾಯ್ತು, ನೀಲಿ ಬಣ್ಣದ್ದು ಏನೋ ಬಳಿದು ತೊಳೆದಾಯ್ತು, ಗಾಳಿ ಊದಿ ಒಣಗಿಸಿದ್ದೂ ಆಯ್ತು. ಆಗ ಡಾಕ್ಟ್ರಮ್ಮ ಅಂದ್ರು: “ಇನ್ಮೇಲೆ ಹಲ್ಲು ಒಣಗಿರಬೇಕು. ಒಂದು ಹನಿ ಎಂಜಲು ತಾಗಿದ್ರೂ ಮೇಲೆ ಕಟ್ಟೋ ಹೊಸ ತುಂಡು ಅಂಟಲ್ಲ, ಎಲ್ಲಾ ಮೊದಲಿಂದ ಮಾಡಬೇಕಾಗತ್ತೆ.”

ಬಾಯಲ್ಲಿ ನೀರಿಲ್ದೆ ಪೈಪು ಬರೀ ಗಾಳಿ ಎಳೀತಿತ್ತು. ಆ ಸದ್ದು ಕೇಳಿದ್ದೇ ನಮ್ಮಪ್ಪಂಗೆ ಸ್ಟೂಲಲ್ಲಿ ಕೂರೋಕೆ ಆಗ್ಲಿಲ್ಲ.

“ಮೇಡಂ, ನೀರಿಲ್ದೆ ಓಡ್ತಾ ಅದೆ. ಮೋಟ್ರು ಸುಟ್ಟೋಯ್ತದೆ.”

“ಸುಡಲ್ಲ ಯಜಮಾನ್ರೇ, ಕೂತ್ಕೊಳ್ಳಿ.”

“ಸುಡಾಕಿಲ್ವಾ? ನಮ್ದು ಎರಡು ಸಲ ಸುಟ್ಟದೆ.”

ನಾನು ಮಾತ್ರ ಮನೆತನಕ್ಕೆ ತಕ್ಕ ಮಗ. ನಾಲಿಗೆ ಕೆಳಗೆ ಒಂದು ಕಟ್ಟೆ ತುಂಬ ಎಂಜಲು ಕೂಡಿಸ್ಕೊಂಡು ಕಾಯ್ತಿದ್ದೆ, ಆ ಬಡಪಾಯಿ ಮೋಟ್ರಿಗೆ ಬೇಕಾದ್ರೆ ಆಯ್ತದೆ ಅಂತ. ಜೊತೆಗೆ ನಾಲಿಗೆ ತುದಿ ಸುಮ್ನಿರ್ದೆ ಹಲ್ಲಿನ ಕಡೆ ಇಣುಕ್ತಿತ್ತು. ಅಪ್ಪ ಅದನ್ನ ಕಂಡು ಗದರಿದ:

“ಲೇ, ಬುಡ್ಲಾ. ಬುಡು.”

ಬುಡು ಅಂದ್ರೆ ಸುಮ್ಕಿರು ಅಂತಲೂ ಆಯ್ತದೆ, ಅದು ನಂಗೂ ಗೊತ್ತು. ಆದ್ರೆ ಚಿಕ್ಕಂದಿನಿಂದ ನಮ್ಮಪ್ಪ ಗದ್ದೆ ಆ ತುದೀಲಿ ನಿಂತು ಬುಡು ಅಂದ್ರೆ, ಈ ತುದೀಲಿ ನಾನು ನೀರು ಬುಟ್ಟಿದ್ದೀನಿ. ಕಿವಿಗೆ ಬಿದ್ದದ್ದು ತಲೆವರೆಗೂ ಓಗ್ಲೇ ಇಲ್ಲ. ಕಟ್ಟೆ ಒಡೆದು ಬುಟ್ಟೆ. ಹಲ್ಲು, ಹತ್ತಿ, ಡಾಕ್ಟ್ರಮ್ಮನ ಕೈಗವಸು, ಎಲ್ಲಾ ನಾಟಿ ಮಾಡೋ ಹದಕ್ಕೆ ಬಂತು. ದಪ್ಪ ಪೈಪು ಗೊಳಗೊಳ ಅಂತು.

“ಈಗ ಸರಿಯಾಗಿ ಎಳೀತದೆ ನೋಡಿ,” ಅಂದ ನಮ್ಮಪ್ಪ.

ಡಾಕ್ಟ್ರಮ್ಮ ಬಾಗಿಲು ತೋರಿಸಿ, “ಯಜಮಾನ್ರೇ, ನೀವು ಒಂದು ಕಾಫಿ ಕುಡ್ಕೊಂಡು ಬನ್ನಿ,” ಅಂದ್ರು. ಅಷ್ಟೊತ್ತಿಗೆ ಮರಗಟ್ಟಿದ್ದು ಇಳೀತಿದೆ ಅಂತ ಇನ್ನೊಂದು ಸೂಜಿ ಬಿತ್ತು. ಮತ್ತೆ ತೊಳೆದು, ಮತ್ತೆ ನೀಲಿ ಬಳಿದು, ಮತ್ತೆ ಒಣಗಿಸಿದ್ರು. ಅಕ್ಕ ದಪ್ಪ ಪೈಪನ್ನ ನಾಲಿಗೆ ಪಕ್ಕಕ್ಕೆ ತಂದು ಕಿವೀಲಿ ಅಂತು: “ಈ ಸಲ ಅಳ್ಳಾಡಿಸಿದ್ರೆ ನಾಲಿಗೇನೂ ಸೇರಿಸಿ ಎಳ್ಕೋತೀನಿ. ಆಮೇಲೆ ಭಾಷಣ ಈ ಪೈಪೇ ಮಾಡ್ಲಿ.”

ನಾನು ಉಸಿರೂ ಅವರನ್ನ ಕೇಳೇ ಬುಟ್ಟೆ. ಹಲ್ಲು ನಿಂತ್ಕೊಂತು.

ಸಂಜೆ ಬಸ್ಸಲ್ಲಿ ಉದ್ದಕ್ಕೂ ‘ಸರ್ವರಿಗೂ ಸುಸ್ವಾಗತ’ ಅಂದ್ಕೊಂಡೇ ಕಾಲೇಜಿಗೆ ಬಂದೆ. ಒಂದು ವಿಷಲ್ ಇಲ್ಲ. ಹಿಗ್ಗಿ ವೇದಿಕೆ ಹತ್ತಿ ಅದನ್ನೇ ಹೇಳಿದೆ, ಚಪ್ಪಾಳೆ ಬಿತ್ತು. ಮುಂದಿನ ಮಾತು ‘ಪ್ರಾಂಶುಪಾಲರು’. ಎರಡು ಸೂಜಿ ತಿಂದ ಮೇಲ್ದುಟಿ ನಂದಾಗಿರ್ಲಿಲ್ಲ, ಕೆಳದುಟಿ ಅದನ್ನ ಹುಡುಕ್ತಾ ಓಗಿ ವಾಪಸ್ ಬಂತು. ಬಾಯಿಂದ ‘ಫ್ರಾಂಶುಫಾಲರು’ ಅಂತ ಉದುರ್ತು. ಮುಂದಿನ ಸಾಲಲ್ಲಿ ಕುಂತಿದ್ದ ಅವರು ಕನ್ನಡಕ ಸರಿ ಮಾಡ್ಕೊಂಡ್ರು. ಕೈಯಲ್ಲಿದ್ದ ಚೀಟಿ ನೋಡ್ತೀನಿ, ಪ್ರಾರ್ಥನೆ, ಬಹುಮಾನ, ಮುಖ್ಯ ಅತಿಥಿ, ಭಾಷಣ. ಕನ್ನಡದಲ್ಲಿ ತುಟಿ ತಾಗಿಸ್ದೆ ಒಂದು ಕಾರ್ಯಕ್ರಮ ಮಾಡೋಕೆ ಆಗಲ್ಲ.

ಆ ಹುಡುಗಿ ಪರದೆ ಪಕ್ಕದಿಂದ ಬಂದು ಮೈಕಿನ ಆ ಕಡೆ ನಿಂತ್ಕೊಂಡ್ಲು. ಕಿತ್ಕೋತಾಳೆ ಅಂದ್ಕೊಂಡೆ. ಮೈಕಿಗೆ ಕೈ ಅಡ್ಡ ಹಿಡಿದು ಕೇಳಿದ್ಲು: “ಯಾವುದು ಬರ್ತಿಲ್ಲ?”

“ಫ, ಫ, ಅಲ್ಲ, ಫ.”

“ಗೊತ್ತಾಯ್ತು. ತುಟಿ ಮುಚ್ಚೋ ಮಾತೆಲ್ಲಾ ನಂದು, ಮಿಕ್ಕಿದ್ದು ನಿಂದು.”

ಅವಳು “ಪ್ರಾಂಶುಪಾಲರು” ಅಂದ್ಲು, ನಾನು “ಅವರಿಗೆ ಸ್ವಾಗತ” ಅಂದೆ. ಅವಳು “ಬಹುಮಾನ” ಅಂದ್ಲು, ನಾನು “ಕೊಡಲಾಗುತ್ತದೆ” ಅಂದೆ. ಜನ ಇದೇನೋ ಹೊಸ ಸ್ಟೈಲು ಅಂತ ಶಿಳ್ಳೆ ಹಾಕಿದ್ರು. ಲೆಕ್ಕ ಹಾಕಿದ್ರೆ ನಿರೂಪಣೆ ಮುಕ್ಕಾಲು ಅವಳದ್ದೇ ಆಯ್ತು. ಕಡೇಲಿ ಅವಳು ಚೀಟಿ ಪೂರ್ತಿ ಓದಿ, ಒಂದು ಸಾಲಿಗೆ ಬೆರಳಿಟ್ಟು ನನ್ನ ಕಡೆ ತಿರುಗಿಸಿದ್ಲು. ತುಟಿಗೆ ತುಟಿ ತಾಗಿಸೋ ಕೆಲಸವೇ ಇಲ್ಲದ ಸಾಲು ಅದೊಂದೇ.

“ಎಲ್ಲರಿಗೂ ವಂದನೆಗಳು,” ಅಂದೆ.